ಓರೆ ಕಾಲುವೆಯ ನೀರಗಂಟಿ

ಅವರು ಬೆಟ್ಟದ ಹಳ್ಳವನ್ನು ಕಣ್ಣಾರೆ ನೋಡಿದ್ದು ಜೀವಮಾನದಲ್ಲಿ ಒಂದೇ ಒಂದು ಸಲ. ಆದರೆ ಅಂಥದೊಂದು ಹಳ್ಳವನ್ನು ಹೆಬ್ಬಾಳದಾಚೆಯ ಬಯಲಿನಲ್ಲಿ, ತಗಡಿನ ಷೆಡ್ಡಿನೊಳಗೆ, ಹನ್ನೆರಡು ವರ್ಷ ಹರಿಸಿದರು. ಬೆಳಿಗ್ಗೆ ಒಂಬತ್ತೂವರೆಗೆ ನೀರು ಬಿಡುತ್ತಿದ್ದರು, ಸಂಜೆ ಐದಕ್ಕೆ ನಿಲ್ಲಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಹೋಗುವಾಗಲೂ ಬಾಗಿಲಲ್ಲಿ ಒಮ್ಮೆ ನಿಂತು, ತಿರುಗಿ ನೋಡಿ, ಆಮೇಲೆ ಹೋಗುತ್ತಿದ್ದರು. ತೊಟ್ಟಿಲಲ್ಲಿ ಮಗು ಬಿಟ್ಟು ಹೋಗುವ ಹೆಂಗಸರು ಹಾಗೆ ನೋಡುವುದನ್ನು ನಾನು ಕಂಡಿದ್ದೇನೆ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಯಲಹಂಕದ ಬಸ್ಸಿನಲ್ಲಿ. ನಮ್ಮ ಆಫೀಸಿನ ಜೀಪು ಓಡಿಸುತ್ತಿದ್ದ ಡ್ರೈವರು ಹಿಂದಿನ ಸೀಟಿನಿಂದ ಬಗ್ಗಿ, "ಮೇಡಂ, ನಮ್ ನೀರಗಂಟಿಯವ್ರು ಹೋಗ್ಬಿಟ್ರಲ್ಲ. ನಿಮ್ಗೆ ಯಾರೂ ಹೇಳ್ಲಿಲ್ವಾ?" ಎಂದರು. ಹೋಗಿ ಹದಿನೈದು ದಿನವಾಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗಾದರೂ ಅನ್ನಿಸುವ ಹಾಗೆ ನಾನು ನಡೆದುಕೊಂಡೂ ಇರಲಿಲ್ಲ.

ನೀರಗಂಟಿ ಎನ್ನುವುದು ಅವರ ಹೆಸರಲ್ಲ. ಅಲ್ಲಾಳಸಂದ್ರದ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ಮನೆತನ ಅವರದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವಾಗ ತೂಬು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದೆಲ್ಲ ಅವರ ತಂದೆಯ ಕೈಯಲ್ಲಿತ್ತು. ಗದ್ದೆಗಳು ಕಡಿಮೆಯಾಗಿ ಸುತ್ತ ದ್ರಾಕ್ಷಿ ತೋಟಗಳು ಎದ್ದ ಮೇಲೆ ತೂಬಿಗೆ ಕೆಲಸ ಉಳಿಯಲಿಲ್ಲ. ಇವರು ನಮ್ಮ ಸರ್ಕಾರಿ ಜಲ ಪ್ರಯೋಗಾಲಯದಲ್ಲಿ ಅಟೆಂಡರಾಗಿ ಸೇರಿದರು. ಆಫೀಸಿನ ದಾಖಲೆಯಲ್ಲಿ ಅಟೆಂಡರ್, ಬಾಯಲ್ಲಿ ಮಾತ್ರ ದೊಡ್ಡ ಸಾಹೇಬರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರಿಗೂ ನೀರಗಂಟಿ. ನಾನು ಯಜಮಾನ್ರೇ ಎನ್ನುತ್ತಿದ್ದೆ. ಅವರು ನನ್ನನ್ನು ಅಮ್ಮಾ ಎನ್ನುತ್ತಿದ್ದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು.

ನಾನು ಎಂಜಿನಿಯರಾಗಿ ಅಲ್ಲಿ ಸೇರಿದ್ದು ಎಪ್ಪತ್ತರ ದಶಕದ ನಡುವೆ. ಇಡೀ ಕಟ್ಟಡಕ್ಕೆ ನಾನೊಬ್ಬಳೇ ಹೆಂಗಸು. ನನಗೆ ಒಪ್ಪಿಸಿದ್ದು ಓರೆ ಕಾಲುವೆ. ಅರುವತ್ತು ಅಡಿ ಉದ್ದದ ಮರದ ಕಾಲುವೆ, ಒಂದು ಬದಿಗೆ ಗಾಜು. ತಲೆಯ ಕಡೆಯನ್ನು ಜಾಕಿ ಕೊಟ್ಟು ಎಷ್ಟು ಬೇಕೋ ಅಷ್ಟು ಎತ್ತಬಹುದಿತ್ತು. ಬಯಲು ಸೀಮೆಯ ನದಿ ಮರಳನ್ನೂ ಹೂಳನ್ನೂ ಸದ್ದಿಲ್ಲದೆ ಸಾಗಿಸುತ್ತದೆ. ಕಡಿದಾದ ಬೆಟ್ಟದ ಹಳ್ಳದ ಸ್ವಭಾವವೇ ಬೇರೆ. ಅಲ್ಲಿ ನೀರು ಸ್ವಲ್ಪ, ಕಲ್ಲು ದೊಡ್ಡವು. ಒಂದು ಬಂಡೆ ಎಲ್ಲೋ ಸಿಕ್ಕಿಕೊಂಡರೆ ಅದರ ಬೆನ್ನಿಗೆ ಇನ್ನೊಂದು, ಅದರ ಸಂದಿಗೆ ಮತ್ತೊಂದು ಸೇರಿ ಅಡ್ಡಲಾಗಿ ಮೆಟ್ಟಿಲು ಕಟ್ಟಿಕೊಳ್ಳುತ್ತವೆ. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಬಿದ್ದು ಬಿದ್ದು ತನ್ನ ರಭಸವನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಏನೂ ಕದಲುವುದಿಲ್ಲ. ಪುಸ್ತಕದ ಸೂತ್ರ ಹೇಳಿದಷ್ಟು ಕಲ್ಲು ನಮ್ಮ ಕಾಲುವೆಯಲ್ಲಿ ಸಾಮಾನ್ಯವಾಗಿ ಬರುತ್ತಲೇ ಇರಲಿಲ್ಲ. ಬಂದ ದಿನ ಸೂತ್ರವನ್ನು ಮೀರಿಸಿ ಬರುತ್ತಿತ್ತು.

ನಮ್ಮ ಹಳ್ಳದ ಕಲ್ಲುಗಳೆಲ್ಲ ಘಟ್ಟದ ಕಡೆಯಿಂದ ಲಾರಿಯಲ್ಲಿ ಬಂದವು. ಇಲ್ಲಿಯ ಕ್ವಾರಿಯ ಜಲ್ಲಿಗೆ ಮೂಲೆಗಳಿರುತ್ತವೆ, ಉರುಳುವುದಿಲ್ಲ. ಬಂದ ಕಲ್ಲನ್ನು ನೀರಗಂಟಿಯವರು ಜರಡಿ ಹಿಡಿದು, ಗಾತ್ರಕ್ಕೆ ತಕ್ಕಂತೆ ಬಣ್ಣ ಬಳಿದು, ಬೇರೆ ಬೇರೆ ಡಬ್ಬಗಳಿಗೆ ತುಂಬುತ್ತಿದ್ದರು. ಎಲ್ಲಕ್ಕಿಂತ ದೊಡ್ಡವು ಕೆಂಪು, ನಡುವಿನವು ಹಳದಿ, ಸಣ್ಣವಕ್ಕೆ ಬಣ್ಣವಿಲ್ಲ. ನನ್ನ ಪುಸ್ತಕದಲ್ಲಿ ಅವಕ್ಕೆ ಮಿಲಿಮೀಟರಿನ ಅಳತೆಗಳಿದ್ದವು. ಅವರ ಬಾಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಅವರೆಕಾಳು. ಒಂದು ವರ್ಷದೊಳಗೆ ನಾನೂ ಅವರೆಕಾಳು ಎನ್ನತೊಡಗಿದ್ದೆ. ದೆಹಲಿಯಿಂದ ಬಂದ ತಜ್ಞರೊಬ್ಬರ ಮುಂದೆ ಬಾಯಿತಪ್ಪಿ ಹಾಗೆಂದು ನಗೆಪಾಟಲಿಗೀಡಾದದ್ದೂ ಉಂಟು.

ಅವರ ಹತ್ತಿರ ಮೂರಡಿಯ ಕಬ್ಬಿಣದ ಸರಳೊಂದಿತ್ತು. ಊರಿನ ನೀರಿನ ಪೈಪು ಎಲ್ಲಿ ಸೋರುತ್ತಿದೆಯೆಂದು ಪತ್ತೆ ಮಾಡಲು ರಸ್ತೆಗೆ ಸರಳೂರಿ ಕಿವಿಗೊಟ್ಟು ಕೇಳುವವರು ಇರುತ್ತಾರಲ್ಲ, ಅಂಥವರೊಬ್ಬರಿಂದ ಆ ವಿದ್ಯೆ ಕಲಿತಿದ್ದರು. ಸರಳಿನ ಒಂದು ತುದಿಯನ್ನು ಕಾಲುವೆಯ ತಳಕ್ಕೆ ಒತ್ತಿ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು, ಕಣ್ಣು ಮಾತ್ರ ನೀರಿನ ಮೇಲೆ ನೆಟ್ಟು ನಿಲ್ಲುತ್ತಿದ್ದರು. ನಾನು ಸೇರಿದ ಮೊದಲ ದಿನ ಲೆಕ್ಕ ಮಾಡುವ ಸ್ಲೈಡ್ ರೂಲು ಹಿಡಿದು ಒಳಗೆ ಬಂದವಳಿಗೆ ಆ ಸರಳನ್ನೇ ಚಾಚಿ, "ಲೆಕ್ಕ ಆಮ್ಯಾಕೆ ಮಾಡೀರಂತೆ ಅಮ್ಮಾ. ಮೊದ್ಲು ವಸಿ ಕಿವಿ ಇಡಿ" ಎಂದರು. ನನಗೆ ಅವಮಾನವಾದಂತಾಯಿತು. ಕಿವಿ ಇಟ್ಟೆ. ಮೇಲೆ ನೀರು ಏನೂ ಆಗದಂತೆ ಹರಿಯುತ್ತಿತ್ತು. ಒಳಗೆ ಯಾರೋ ಕಡಲೆಕಾಯಿ ಬಿಡಿಸುವ ಹಾಗೆ ಸಣ್ಣಗೆ ಚಟ್ ಚಟ್ ಎನ್ನುತ್ತಿತ್ತು. ಕಣ್ಣಿಗೆ ಕಾಣದೆ ಕಲ್ಲು ಸರಿಯುವ ಸದ್ದು ಅದು.

ನೀರು ಬಿಟ್ಟ ಮೇಲೆ ನೀರಿನಿಂದ ಕಣ್ಣು ತೆಗೆಯಬಾರದು ಎನ್ನುವುದು ಅವರ ಮನೆಯ ಕಟ್ಟು. ತಂದೆ ಕಲಿಸಿದ್ದಂತೆ. ತೂಬು ಎತ್ತಿದವನು ಬೀಡಿ ಹಚ್ಚಲೂ ತಲೆ ತಗ್ಗಿಸಬಾರದು. ಕಾಲುವೆಯ ತಲೆಯಲ್ಲಿ ಕಲ್ಲು ಸುರಿಯುವಾಗಲೂ ಅಷ್ಟೆ. ಪಕ್ಕದಲ್ಲಿ ಡಬ್ಬಗಳು ಸಾಲಾಗಿ ಇರುತ್ತಿದ್ದವು. ಎಡಗೈಯಲ್ಲಿ ಹಿಡಿಕೆಯ ತಗಡಿನ ಮೊಗೆ. ಅದನ್ನು ಬೇಕಾದ ಡಬ್ಬಕ್ಕೆ ಇಳಿಸಿ, ತುಂಬಿ, ಎತ್ತಿ ಸುರಿಯುತ್ತಿದ್ದರು, ಒಮ್ಮೆಯೂ ಅತ್ತ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಯಾವ ಡಬ್ಬ ಎಲ್ಲಿದೆ ಎನ್ನುವುದು ಕೈಗೆ ಗೊತ್ತಿತ್ತು.

ಅವರದೊಂದು ಮಾತಿಗೂ ನನಗೂ ವರ್ಷಗಟ್ಟಲೆ ಜಗಳ. ಪ್ರಯೋಗ ಮುಗಿದಾಗ ಯಾವ ಕಲ್ಲು ಎಷ್ಟು ದೂರ ಹೋಯಿತೆಂದು ನಾವಿಬ್ಬರೂ ಅಳೆಯಬೇಕಿತ್ತು. ದಿನಗಟ್ಟಲೆ ಒಂದೇ ಕಡೆ ಕೂತ ಹಳದಿ ಕಲ್ಲಿನ ಮುಂದೆ ನಾನು 'ನಿಂತಿದೆ' ಎಂದು ಬರೆಯುತ್ತಿದ್ದೆ.

"ನಿಂತಿಲ್ಲ ಕಣಮ್ಮ," ಎನ್ನುತ್ತಿದ್ದರು.

"ನಾಲ್ಕು ದಿನದಿಂದ ಅಲ್ಲೇ ಇದೆಯಲ್ರೀ ಯಜಮಾನ್ರೇ."

"ತಡ ಮಾಡ್ತಾ ಐತೆ ಅಷ್ಟೆ. ಒಂದಲ್ಲ ಒಂದಿನ ಒಂಟೇ ಒಂಡ್ತದೆ."

"ತಡ ಮಾಡ್ತಾ ಇದೆ ಅಂತ ರಿಜಿಸ್ಟರಲ್ಲಿ ಬರೆಯೋಕಾಗುತ್ತಾ?"

"ಬರೀಬೇಡಿ. ತಿಳ್ಕಂಡಿರಿ ಸಾಕು."

ನನ್ನ ಸಿಟ್ಟು ಆಗೆಲ್ಲ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೆಂಗಸು ಎಂದು ಯಾರೂ ಹಗುರವಾಗಿ ಕಾಣಬಾರದೆಂದು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದೆ, ಎಲ್ಲರಿಗಿಂತ ಮುಂಚೆ ತಪ್ಪು ಹುಡುಕುತ್ತಿದ್ದೆ. ಇದನ್ನು ಹೇಳದೆ ಮುಂದಿನದನ್ನು ಹೇಳುವುದು ಸರಿಯಲ್ಲ.

ಎಪ್ಪತ್ತರ ದಶಕದ ಕೊನೆಗೆ ನಮಗೆ ಒಂದು ಹಳ್ಳದ ಕೆಲಸ ಬಂತು. ಘಟ್ಟದಲ್ಲಿ ಒಂದು ಸಣ್ಣ ಅಣೆಕಟ್ಟು ಕಟ್ಟಿ, ಹಳ್ಳದ ನೀರನ್ನು ಸುರಂಗಕ್ಕೆ ತಿರುಗಿಸುವ ಯೋಜನೆ. ಕೂಲಿಯವರ ಗುಡಿಸಲುಗಳನ್ನು ಹಳ್ಳದ ಪಕ್ಕದ ಮಟ್ಟಸ ಜಾಗದಲ್ಲೇ ಹಾಕಿದ್ದರು. ದೊಡ್ಡ ಮಳೆ ಬಂದರೆ ಮೇಲಿನ ಬಂಡೆಗಳು ಕದಲುತ್ತವೆಯೇ ಇಲ್ಲವೇ ಎನ್ನುವುದು ಪ್ರಶ್ನೆ. ಆ ಹಳ್ಳವನ್ನೇ ಚಿಕ್ಕದಾಗಿ ನಮ್ಮ ಕಾಲುವೆಯಲ್ಲಿ ಕಟ್ಟಿದೆವು. ಅಲ್ಲಿಯ ಆಳೆತ್ತರದ ಬಂಡೆಗಳಿಗೆ ಇಲ್ಲಿ ನಮ್ಮ ಕೆಂಪು ತೆಂಗಿನಕಾಯಿಗಳು. ನಲವತ್ತೆರಡು ಪ್ರಯೋಗ ಮಾಡಿದೆವು. ಎಷ್ಟು ನೀರು ಬಿಟ್ಟರೂ ಕೆಂಪು ಕಲ್ಲುಗಳು ಜಪ್ಪಯ್ಯ ಅನ್ನಲಿಲ್ಲ.

ನಲವತ್ತಮೂರನೆಯದು ಕೊನೆಯದು. ಆರು ದಿನದ ಪ್ರಯೋಗ. ಏಳನೆಯ ದಿನ ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ಅದಕ್ಕೆಂದು ಐದನೆಯ ದಿನ ಸಂಜೆ ನೀರು ನಿಲ್ಲಿಸಿದ ಮೇಲೆ ಷೆಡ್ಡಿಗೆಲ್ಲ ಸುಣ್ಣ ಹೊಡೆಸಿದ್ದರು. ಸುಣ್ಣ ಹೊಡೆಯುವವರು ಕಲ್ಲಿನ ಡಬ್ಬಗಳನ್ನು ಹೊರಗಿಟ್ಟು, ಕೆಲಸ ಮುಗಿದ ಮೇಲೆ ತಂದು ಸಾಲಾಗಿಯೇ ಜೋಡಿಸಿದ್ದರು. ಸಾಲು ಸರಿಯಾಗಿತ್ತು, ಕ್ರಮ ತಪ್ಪಿತ್ತು. ಮರುದಿನ ನೀರಗಂಟಿಯವರು ಎಂದಿನಂತೆ ಕಣ್ಣನ್ನು ನೀರಿನ ಮೇಲಿಟ್ಟು, ನಿಂಬೆಹಣ್ಣಿನ ಡಬ್ಬ ಇರುವಲ್ಲಿಗೆ ಕೈ ಇಳಿಸಿದರು. ಅಲ್ಲಿ ಅವರೆಕಾಳಿತ್ತು. ಮೊಗೆಯ ಮೇಲೆ ಮೊಗೆ ಸುರಿದರು.

ನಾನು ಮೇಜಿನ ಹತ್ತಿರ ಇದ್ದೆ. ಮೊದಲು ಸದ್ದು ಕೇಳಿತು, ಗೋಡೆ ಕುಸಿಯುವಂಥ ಸದ್ದು. ಓಡಿ ಬಂದಾಗ ಐದು ದಿನ ಅಲುಗದೆ ನಿಂತಿದ್ದ ಕೆಂಪು ಕಲ್ಲುಗಳು ಒಂದರ ಹಿಂದೊಂದು ಉರುಳಿ ಹೋಗುತ್ತಿದ್ದವು. ಒಂದು ಮೆಟ್ಟಿಲು ಕಿತ್ತು ಕೆಳಗಿನದಕ್ಕೆ ಬಡಿಯುತ್ತಿತ್ತು, ಅದು ಅದರ ಕೆಳಗಿನದಕ್ಕೆ. ಎರಡು ನಿಮಿಷದಲ್ಲಿ ನಮ್ಮ ಹಳ್ಳ ಖಾಲಿಯಾಯಿತು. ತುದಿಯ ಗಾಜು ಒಡೆದು ಹೊಸ ಸುಣ್ಣದ ಗೋಡೆಗೆಲ್ಲ ಕೆಸರು ಹಾರಿತು.

ಡಬ್ಬ ನೋಡಿದೆ. ಏನಾಯಿತೆಂದು ತಿಳಿಯಿತು. ಏನಾಯಿತೆಂದು ಮಾತ್ರ ತಿಳಿಯಿತು, ಅದರ ಅರ್ಥ ತಿಳಿಯಲಿಲ್ಲ. ಬಾಯಿಗೆ ಬಂದಂತೆ ಬೈದೆ. ರಿಜಿಸ್ಟರಿನಲ್ಲಿ ನಲವತ್ತಮೂರರ ಮೇಲೆ ಕೆಂಪು ಗೆರೆ ಎಳೆದು 'ರದ್ದು' ಎಂದು ಬರೆದೆ. ಮೇಲಿನವರು ಕಾರಣ ಕೇಳಿದಾಗ, 'ಸಿಬ್ಬಂದಿಯ ಅಜಾಗರೂಕತೆಯಿಂದ' ಎಂದು ನಾನೇ ಬರೆದು ಸಹಿ ಹಾಕಿ ಕಳಿಸಿದೆ. ಅದು ಒಂದು ಮೆಮೊ ಆಗಿ, ಅವರ ಸೇವಾ ಪುಸ್ತಕಕ್ಕೆ ಏರಿತು.

ಮೆಮೊ ಬಂದ ದಿನ ಅದನ್ನು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ.

"ಓದಿ ಅಮ್ಮಾ," ಎಂದರು.

ಓದಿದೆ.

"ಅಜಾಗರೂಕತೆ ಅಂದ್ರೆ?"

"ಜೋಪಾನ ಇಲ್ಲದೆ ಕೆಲಸ ಮಾಡೋದು."

ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಸಿದರು, ಮತ್ತೆ ಬಿಡಿಸಿದರು. "ಅಲ್ಲಾಳಸಂದ್ರದಾಗೆ ಯಾರ್‍ನಾದ್ರೂ ಕೇಳಿ. ಮೂರು ತಲೆಯಿಂದ ನಮ್ ಮನೆಯೋರ್‍ಗೆ ಯಾರೂ ಈ ಮಾತಂದಿಲ್ಲ," ಎಂದರು. ನಾನು ಮೆಮೊವನ್ನು ಮಡಿಸಿ ಅವರತ್ತ ಚಾಚಿದೆ. "ಡಬ್ಬ ತಪ್ಪು ತಕ್ಕಂಡೆ, ನನ್ ತಪ್ಪು. ಆದ್ರೆ ಕಲ್ಲು ಓಗಿದ್ದು ಸುಳ್ಳಲ್ಲ ಅಮ್ಮಾ. ಅದನ್ಯಾಕೆ ಒಡ್ದಾಕಿದ್ರಿ?"

ಆ ಪ್ರಶ್ನೆ ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ಕೆಲಸ ನೋಡಿ ಹೋಗಿ ಎಂದೆ. ಬಂಡೆಗಳು ಕದಲುವುದಿಲ್ಲ, ಗುಡಿಸಲುಗಳು ಇರುವಲ್ಲೇ ಇರಬಹುದು ಎಂದು ವರದಿ ಹೋಯಿತು.

ಎರಡು ತಿಂಗಳು ಕಳೆಯಿತು. ಯೋಜನೆಯ ಜಾಗದಿಂದ ಕಾಮಗಾರಿಯ ಫೋಟೋಗಳು ಬಂದವು. ಅವನ್ನು ಷೆಡ್ಡಿನ ಗೋಡೆಗೆ ಅಂಟಿಸುವ ಕೆಲಸ ನೀರಗಂಟಿಯವರದು. ಅಂಟಿಸುತ್ತಿದ್ದವರು ಒಂದು ಫೋಟೋ ಕೈಯಲ್ಲೇ ಹಿಡಿದು ನನ್ನ ಹತ್ತಿರ ತಂದರು. ಸುರಂಗಕ್ಕೆ ಹೋಗಲು ಹಳ್ಳದ ಮೇಲ್ಗಡೆ ಗುಡ್ಡ ಕಡಿದು ರಸ್ತೆ ಮಾಡುತ್ತಿದ್ದರು. ಕಡಿದ ಪುಡಿಗಲ್ಲನ್ನೆಲ್ಲ ಕೆಳಗೆ ತಳ್ಳುತ್ತಿದ್ದರು. ಅದು ಇಳಿಜಾರಿನುದ್ದಕ್ಕೂ ಜಾರಿ ನೇರವಾಗಿ ಹಳ್ಳದ ತಲೆಗೆ ಬಿದ್ದಿತ್ತು.

"ಇದೇನಮ್ಮ ಇದು?" ಎಂದು ಬೆರಳಿಟ್ಟರು.

"ರಸ್ತೆಯ ಕಲ್ಲು."

"ಅಲ್ಲ. ಅವರೆಕಾಳು."

ಫೋಟೋವನ್ನು ಅವರ ಕೈಯಿಂದ ತೆಗೆದುಕೊಂಡೆ. ನಾನು ಕಲಿತ ಎಲ್ಲ ಪುಸ್ತಕಗಳಲ್ಲಿ, ಸಣ್ಣ ಕಲ್ಲು ಹೆಚ್ಚಾದರೆ ಸಣ್ಣ ಕಲ್ಲೇ ಹೆಚ್ಚು ಹೋಗುತ್ತದೆ, ಅಷ್ಟೆ. ಅವರು ನಿಧಾನವಾಗಿ, ನನಗೆ ಬೇಜಾರಾಗದ ಹಾಗೆ ಹೇಳಿದರು. ಅವರೆಕಾಳು ಬಂಡೆಗಳ ಸಂದಿಗೆಲ್ಲ ತುಂಬುತ್ತದೆ. ನೀರಿಗೆ ಬಡಿದು ನಿಲ್ಲಲು ಉಬ್ಬುತಗ್ಗು ಇರುವುದಿಲ್ಲ, ಜೋರಾಗಿ ಓಡುತ್ತದೆ. ಬಂಡೆಗಳು ಒಂದನ್ನೊಂದು ಹಿಡಿದುಕೊಂಡಿದ್ದ ಹಿಡಿತವೂ ಸಡಿಲವಾಗುತ್ತದೆ. ಆ ದಿನ ಕೆಂಪು ಕಲ್ಲು ಹೋಗುವ ಮುಂಚೆಯೇ ಸರಳಿನಲ್ಲಿ ಸದ್ದು ಬದಲಾಗಿತ್ತಂತೆ. "ಯೋಳಾಣ ಅಂತಿದ್ದೆ. ನೀವು ಬೈತಾ ಇದ್ರಿ," ಎಂದರು. ಅದರಲ್ಲಿ ಕೊಂಕಿರಲಿಲ್ಲ.

ಮತ್ತೆ ಕಾಲುವೆ ಕಟ್ಟಿದೆವು. ಈ ಸಲ ಬೇಕೆಂದೇ ಅವರೆಕಾಳು ಸುರಿದೆವು. ಮೂರು ಸಲ ಮಾಡಿದೆವು, ಮೂರು ಸಲವೂ ಕೆಂಪು ಕಲ್ಲುಗಳು ಹೋದವು. ಮೇಲಿನವರಿಗೆ ಬರೆದೆ. ಏನು ಬರೆದೆನೆಂಬುದನ್ನು ಇಲ್ಲಿ ಹೇಳಬೇಕು. 'ರದ್ದು ಮಾಡಿದ ಪ್ರಯೋಗ ಸರಿಯಾಗಿತ್ತು' ಎಂದು ಬರೆಯಲಿಲ್ಲ. 'ನಾನು ಕೈಗೊಂಡ ಹೆಚ್ಚುವರಿ ಪ್ರಯೋಗಗಳಿಂದ ತಿಳಿದುಬಂದಂತೆ' ಎಂದು ಬರೆದೆ.

ಮಳೆ ಹತ್ತಿರವಿತ್ತು. ಕಾಗದದ ಉತ್ತರಕ್ಕೆ ಕಾಯದೆ ಜೀಪಿನಲ್ಲಿ ಹೊರಟೆವು. ಅವರನ್ನೂ ಕರೆದುಕೊಂಡು ಹೋದೆ, ಸರಳಿನ ಸಮೇತ. ಅವರು ಬೆಟ್ಟದ ಹಳ್ಳ ನೋಡಿದ್ದು ಆಗಲೇ. ಜೀಪಿಳಿದು ಚಪ್ಪಲಿ ಬಿಟ್ಟು, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ನೀರಿನ ಪಕ್ಕ ನಿಂತರು. ವರ್ಷಗಟ್ಟಲೆ ಯಾರದೋ ಫೋಟೋ ಇಟ್ಟುಕೊಂಡಿದ್ದವರು ಆ ಮನುಷ್ಯನನ್ನೇ ಎದುರಿಗೆ ಕಂಡಂತೆ ನಿಂತಿದ್ದರು. ಕೊನೆಗೆ, "ನಮ್ದುಕಿಂತ ಸದ್ದು ಜಾಸ್ತಿ" ಎಂದರು. ಸರಳನ್ನು ಒಂದು ಬಂಡೆಗೆ ಊರಿ ಕಿವಿ ಇಟ್ಟರು. ಮುಖ ಸಣ್ಣದಾಯಿತು. "ಒಳಗೆ ಅವರೆಕಾಳು ಓಡಾಡ್ತಾ ಐತೆ ಅಮ್ಮಾ. ಸಂದು ತುಂಬ್ತಾ ಐತೆ."

ಅಲ್ಲಿಯ ಎಂಜಿನಿಯರಿಗೆ ನಮ್ಮ ಮಾತು ತಮಾಷೆಯಾಗಿ ಕಂಡಿತು. "ನಿಮ್ಮದೇ ಆಫೀಸು ತಾನೇ ಮೇಡಂ, ಕದಲಲ್ಲ ಅಂತ ಬರೆದು ಕಳ್ಸಿದ್ದು? ನಾನ್ ಯಾವುದನ್ನ ನಂಬ್ಲಿ?" ಎಂದರು. ಮೇಲಿನ ಆದೇಶವಿಲ್ಲದೆ ಗುಡಿಸಲು ಎತ್ತಿಸಲು ಬರುವುದಿಲ್ಲ ಎಂದರು. ಆ ವರದಿಯ ಕೆಳಗೆ ಇದ್ದದ್ದು ನನ್ನ ಸಹಿ. ನಾನು ವಾದ ಮಾಡುತ್ತಾ ನಿಂತೆ. ತಿರುಗಿ ನೋಡಿದರೆ ನೀರಗಂಟಿಯವರು ಇಲ್ಲ.

ಅವರು ಗುಡಿಸಲುಗಳ ಮುಂದೆ ಕೂತಿದ್ದರು. ಮಣ್ಣು ಕಲಸಿ ಎರಡು ಮಾರುದ್ದದ ಒಂದು ಓರೆ ಕಾಲುವೆ ಮಾಡಿದ್ದರು. ಒಳಗೆ ಕಲ್ಲು ಜೋಡಿಸಿ ಮೆಟ್ಟಿಲು ಕಟ್ಟಿದ್ದರು. ಸುತ್ತ ಹೆಂಗಸರು ಮಕ್ಕಳು ನಿಂತಿದ್ದರು, ಹೆಚ್ಚಿನವರು ತಮಿಳು, ತೆಲುಗು ಮಾತಾಡುವವರು. ಇವರಿಗೆ ಎರಡೂ ಅರೆಬರೆ. ಕೊಡದಿಂದ ನೀರು ಸುರಿದರು. ಕಲ್ಲು ಕದಲಲಿಲ್ಲ. ಆಮೇಲೆ ಮೇಲಿನ ರಸ್ತೆಯ ಕಡೆ ಕೈ ತೋರಿಸಿ, ಅಲ್ಲಿಂದ ಬಿದ್ದಿದ್ದ ಪುಡಿಗಲ್ಲನ್ನೇ ಒಂದು ಬೊಗಸೆ ಹಾಕಿ, ಮತ್ತೆ ಸುರಿದರು. ಇನ್ನೊಂದು ಬೊಗಸೆ, ಮತ್ತೆ ನೀರು. ಮೂರನೆಯ ಕೊಡಕ್ಕೆ ಮೆಟ್ಟಿಲು ಕಿತ್ತು ಕಲ್ಲೆಲ್ಲ ಕೆಳಗೆ ಬಂದವು. ಕೆಳಗೆ ಅವರು ತಮ್ಮ ಟವೆಲ್ಲನ್ನು ಗುಡಿಸಲಿನಂತೆ ಮಡಿಸಿ ಇಟ್ಟಿದ್ದರು. ಅದರ ಮೇಲೆ ಬಂದು ಕೂತವು.

ಒಬ್ಬಾಕೆ ಒಳಗೆ ಹೋಗಿ ಪಾತ್ರೆಗಳನ್ನು ಬುಟ್ಟಿಗೆ ತುಂಬತೊಡಗಿದಳು. ಸಂಜೆಯ ಹೊತ್ತಿಗೆ ಅರ್ಧದಷ್ಟು ಗುಡಿಸಲುಗಳು ತಾವಾಗಿಯೇ ಮೇಲಿನ ದಿಬ್ಬಕ್ಕೆ ಹೋಗಿದ್ದವು. ಉಳಿದವು ಮಾರನೆಯ ದಿನ ಹೋದವು. ಎಂಜಿನಿಯರ್ ನೋಡುತ್ತಾ ನಿಂತರು. ತಡೆಯಲಿಲ್ಲ, ಅದು ಅವರ ಒಳ್ಳೆಯತನ.

ಹಿಂದಿರುಗುವಾಗ ಚಿಕ್ಕ ಊರೊಂದರಲ್ಲಿ ಕಾಫಿಗೆ ನಿಲ್ಲಿಸಿದಾಗ ಅವರು ಕೇಳಿದರು, "ಅಮ್ಮಾ, ಆ ಪುಸ್ತಕದಾಗಿನ ಮಾತು ಅಳ್ಸಕ್ಕಾಯ್ತದಾ?"

"ಅಳಿಸ್ತೀನಿ ಯಜಮಾನ್ರೇ," ಎಂದೆ.

ಅದೊಂದನ್ನೇ ಅವರು ನನ್ನ ಹತ್ತಿರ ಕೇಳಿದ್ದು. ಆಗಲೂ, ಆಮೇಲೂ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ದೊಡ್ಡ ಮಳೆಗೆ ಆ ಹಳ್ಳ ಬಂಡೆಗಳ ಸಮೇತ ಕೆಳಗೆ ನುಗ್ಗಿತು. ಗುಡಿಸಲುಗಳಿದ್ದ ಜಾಗದಲ್ಲಿ ಈಗ ಆಳೆತ್ತರ ಕಲ್ಲು ನಿಂತಿದೆ, ಒಬ್ಬರಿಗೂ ಏನೂ ಆಗಿಲ್ಲ ಎಂದು ಆ ಎಂಜಿನಿಯರ್ ಬರೆದರು. ಎಚ್ಚರಿಕೆ ಕೊಟ್ಟ ಕಾಗದದ ಮೇಲೆ ಇದ್ದದ್ದು ನನ್ನ ಹೆಸರು. ದೊಡ್ಡ ಸಾಹೇಬರು ಎಲ್ಲರೆದುರು ನನ್ನನ್ನು ಹೊಗಳಿದರು. ಅದೇ ವಿಷಯ ಮುಂದೆ ನನ್ನ ಹೆಸರಿನಲ್ಲಿ ಪ್ರಬಂಧವಾಯಿತು. ಸಣ್ಣ ಕಲ್ಲು ದೊಡ್ಡ ಕಲ್ಲನ್ನು ಹೇಗೆ ಸಡಿಲಿಸುತ್ತದೆ ಎಂದು ಎಲ್ಲೆಲ್ಲೋ ಭಾಷಣ ಮಾಡಿದೆ. ನೀರಗಂಟಿಯವರು ಬಣ್ಣ ಬಳಿದು, ಜರಡಿ ಹಿಡಿದು, ನೀರು ಬಿಟ್ಟು ನಿಲ್ಲಿಸುತ್ತಾ ಇದ್ದರು.

ಸೇವಾ ಪುಸ್ತಕದ ಮಾತು ಅಳಿಸಬೇಕಾದರೆ ನಾನು ಒಂದು ಕಾಗದ ಬರೆಯಬೇಕಿತ್ತು. ನಲವತ್ತಮೂರನೆಯ ಪ್ರಯೋಗ ಸರಿಯಾಗಿತ್ತು, ಅದನ್ನು ಹೊಡೆದುಹಾಕಿದವಳು ನಾನು, ಗುಡಿಸಲುಗಳು ಇರಲಿ ಎಂದು ಬರೆದ ಮೊದಲ ವರದಿಯೂ ನನ್ನದೇ ಎಂದು. ಆ ಕಾಗದವನ್ನು ಎಷ್ಟೋ ಸಲ ಶುರು ಮಾಡಿದೆ. ಬಡ್ತಿಯ ಸಮಯ, ಮುಗಿಯಲಿ ಎಂದುಕೊಂಡೆ. ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರೆ ಹೀಗೇ ಎನ್ನುತ್ತಾರೆ ಎಂದುಕೊಂಡೆ. ಸಾಹೇಬರು ಬದಲಾಗಲಿ ಎಂದುಕೊಂಡೆ. ಸಾಹೇಬರು ಮೂರು ಸಲ ಬದಲಾದರು. ಹೇಡಿತನಕ್ಕೆ ಇಷ್ಟೊಂದು ಒಳ್ಳೊಳ್ಳೆಯ ಕಾರಣಗಳು ಸಿಗುತ್ತವೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಅವರು ನಿವೃತ್ತರಾದ ದಿನ ಷೆಡ್ಡಿನಲ್ಲೇ ಚಹಾ, ಬೋಂಡಾ, ಗಂಧದ ಹಾರ. ಹೊಸದಾಗಿ ಬಂದ ಸಾಹೇಬರು ಭಾಷಣ ಮಾಡಿದರು. ಸೇವಾ ಪುಸ್ತಕ ತೆರೆದು ನೋಡಿರಲಿಲ್ಲವೆಂದು ಕಾಣುತ್ತದೆ. "ಇಷ್ಟು ವರ್ಷದ ಸೇವೆಯಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀರಗಂಟಿಯವರು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ, ನನ್ನನ್ನು ಪೇಚಿಗೆ ಸಿಕ್ಕಿಸಬಾರದೆಂದು. ಎದುರಿಗಿದ್ದ ಖಾಲಿ ಕಾಲುವೆಯನ್ನು ನೋಡುತ್ತಾ ಕೂತಿದ್ದರು. ನಾನು ಎದ್ದು ನಿಂತು ಎರಡು ಮಾತು ಹೇಳಬಹುದಿತ್ತು. ಚಪ್ಪಾಳೆ ತಟ್ಟಿದೆ.

ಹೋಗುವಾಗ ಸರಳನ್ನು ನನ್ನ ಮೇಜಿನ ಮೇಲಿಟ್ಟರು. "ಇಟ್ಕಳಿ ಅಮ್ಮಾ. ನಮ್ಮೂರ ಕೆರೇಲಿ ಇನ್ನ ಯೋನೈತೆ ಕ್ಯಾಳಕ್ಕೆ," ಎಂದು ಸೈಕಲ್ ಹತ್ತಿದರು.

ಅದಾದ ಮೂರನೆಯ ವರ್ಷಕ್ಕೆ ಬಸ್ಸಿನಲ್ಲಿ ಆ ಸುದ್ದಿ ಸಿಕ್ಕಿತು. ಮಾರನೆಯ ದಿನವೇ ಆಫೀಸಿನ ಸಿಬ್ಬಂದಿ ಶಾಖೆಗೆ ಹೋಗಿ, ಇಷ್ಟು ವರ್ಷ ಬರೆಯದ ಕಾಗದವನ್ನು ಅಲ್ಲೇ ನಿಂತು ಬರೆದು ಕೊಟ್ಟೆ. ಗುಮಾಸ್ತರು ಎರಡು ಸಲ ಓದಿದರು. "ತೀರ್‍ಕೊಂಡೋರ ಪುಸ್ತಕ ಮುಚ್ಚಿ ಆಗಿದೆ ಮೇಡಂ. ಅದರಲ್ಲಿ ಈಗ ಏನೂ ತಿದ್ದೋಕೆ ಬರಲ್ಲ" ಎಂದರು. ಜಗಳವಾಡಲು ನನಗೆ ಯಾವ ಹಕ್ಕೂ ಇರಲಿಲ್ಲ. ಷೆಡ್ಡಿಗೆ ಹೋದೆ. ಹಳೆಯ ರಿಜಿಸ್ಟರು ಇನ್ನೂ ನನ್ನ ವಶದಲ್ಲೇ ಇತ್ತು. ನಲವತ್ತಮೂರರ ಕೆಂಪು ಗೆರೆಯ ಕೆಳಗೆ ಆ ಕಾಗದದ ಮಾತುಗಳನ್ನೇ ಬರೆದು, ದಿನಾಂಕ ಹಾಕಿ, ಸಹಿ ಮಾಡಿದೆ. ಅದನ್ನೇ ಒಂದು ಹಾಳೆಯಲ್ಲಿ ನಕಲು ಮಾಡಿಕೊಂಡು ಅಲ್ಲಾಳಸಂದ್ರಕ್ಕೆ ಹೋದೆ.

ಕೆರೆಯಲ್ಲಿ ಅರ್ಧ ಹೂಳು ತುಂಬಿತ್ತು. ಏರಿಯ ಆಚೆ ಹೊಸ ಬಡಾವಣೆಯ ಸೈಟುಗಳಿಗೆ ಕಲ್ಲು ನೆಟ್ಟಿದ್ದರು. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಕೂತ್ಕಳಿ ಎಂದು ಚಾಪೆ ಹಾಕಿದರು. ಏನು ಮಾತಾಡುವುದು ತಿಳಿಯದೆ ನೇರವಾಗಿ ಹೇಳಿಬಿಟ್ಟೆ.

"ಯಜಮಾನರ ಪುಸ್ತಕದಲ್ಲಿ ಒಂದು ಕೆಟ್ಟ ಮಾತಿತ್ತು. ಅದನ್ನ ಬರೆದೋಳು ನಾನು."

"ಗೊತ್ತು ಕಣಮ್ಮ."

"ಅಳಿಸ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೆ."

"ಅದೂ ಗೊತ್ತು." ಕೈಯಲ್ಲಿದ್ದ ಕಾಯನ್ನು ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. "ನಾನು ಬೈತಿದ್ದೆ. ಎಷ್ಟು ವರ್ಸ ಆಯ್ತು, ಆ ಅಮ್ಮ ಇನ್ನ ಯೋನು ಅಳುಸ್ತಾರೆ ಬುಡಿ ಅಂತ. ಅವ್ರು ಒಪ್ತಿರ್‍ಲಿಲ್ಲ. ಸಾಯೋ ವಾರದಾಗೂ ಅದೇ ಅಂದ್ರು. ತಡ ಮಾಡ್ತಾವ್ರೆ ಅಷ್ಟೆ, ಬತ್ತಾರೆ ಅಂತ."

ನನ್ನ ಕಣ್ಣೆದುರು ಮೊರ, ಕಾಳು ಎಲ್ಲ ಕಲಸಿಹೋಯಿತು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಅಳುವುದು ಮುಗಿಯುವವರೆಗೆ ಸುಮ್ಮನೆ ಕಾಯಿ ಸುಲಿಯುತ್ತಿದ್ದರು. ಆಮೇಲೆ ನನ್ನ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದರು.

"ಅದೇನಮ್ಮ ಬರ್‍ಕಂಡ್ ಬಂದಿರೋದು? ಓದಿ."

ಓದಿದೆ. ಹಾಳೆಯಲ್ಲಿ ಅಜಾಗರೂಕತೆ ಎಂಬ ಮಾತು ಎರಡು ಕಡೆ ಬರುತ್ತಿತ್ತು, ಈ ಸಲ ನನ್ನ ಹೆಸರಿನ ಮುಂದೆ. ಅವರು ಅದರ ಅರ್ಥ ಕೇಳಲಿಲ್ಲ.